ಗ್ರೂಪ್ ಶೂಟಿಗೆ ರೊಕ್ಕ ಕೊಡೋದೋ, ಇಬ್ಬರು ಸೇರಿ ಮಾಡೆಲ್ ಕರೆಸೋದೋ?

ಗ್ರೂಪ್ ಶೂಟ್ ಅಂದರೆ ಹತ್ತಾರು ಫೋಟೊಗ್ರಾಫರುಗಳು ತಲೆಗಿಷ್ಟು ರೊಕ್ಕ ಕೊಟ್ಟು ಒಂದಿಬ್ಬರು ಮಾಡೆಲ್‌ಗಳ ಫೋಟೊ ಒಟ್ಟಿಗೆ ತೆಗೆಯುವುದು. ಅದಕ್ಕೆ ಕರೆಯುವ ವಾಟ್ಸಾಪ್ ಪೋಸ್ಟರ್ ಈಗ ನಮ್ಮ ಕಡೆ ಎಲ್ಲ ಫೋಟೊಗ್ರಾಫರುಗಳಿಗೂ ಗೊತ್ತು. ಹಿಂದೆ ಬೀದರ ಕೋಟೆಯ ಕಮಾನು, ಮುಂದೆ ಇಳಕಲ್ ಸೀರೆ ಉಟ್ಟ ಹುಡುಗಿ, ಕೆಳಗೆ ದಪ್ಪ ಅಕ್ಷರದಲ್ಲಿ: ಭಾನುವಾರ, ಇಬ್ಬರು ಮಾಡೆಲ್‌ಗಳು, 12 ಸೀಟು ಮಾತ್ರ, ಒಬ್ಬರಿಗೆ 1,500 ರೂಪಾಯಿ, ಚಹಾ ನಾಷ್ಟಾ ಸಹಿತ. ಅದು ಬಂದ ಅರ್ಧ ತಾಸಿನೊಳಗೆ ನನಗೆ ಒಂದಾದರೂ ಫೋನ್ ಬರುತ್ತದೆ. "ಅಣ್ಣಾ, ಹೋಗ್ಲೇನು? ರೊಕ್ಕ ದಂಡ ಆಗ್ತದೇನು?"

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. 14 ವರ್ಷದಿಂದ ಮದುವೆ, ಕುಬಸ, ತೊಟ್ಟಿಲು, ಗೃಹಪ್ರವೇಶ ಇವೇ ನನ್ನ ಅನ್ನ. ರೊಕ್ಕ ಕೊಟ್ಟು ಐದು ಗ್ರೂಪ್ ಶೂಟಿಗೆ ಹೋಗಿದ್ದೇನೆ. ಮೂರು ಬೀದರಿನಲ್ಲಿ, ಒಂದು ನಮ್ಮೂರಲ್ಲಿ, ಒಂದು ಹೈದರಾಬಾದಿನ ಸ್ಟುಡಿಯೋ ಒಂದರಲ್ಲಿ. ಒಬ್ಬನೇ ಮಾಡೆಲ್ ಕರೆಸಿದ್ದೇನೆ, ಗೆಳೆಯನ ಜೊತೆ ಸೇರಿ ಕರೆಸಿದ್ದೇನೆ, ರೊಕ್ಕ ಕೊಡದೆ ತಗೊಳ್ಳದೆ ಒಪ್ಪಂದದ ಮೇಲೂ ತೆಗೆದಿದ್ದೇನೆ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳುವ ವಿಷಯ ಇದಲ್ಲ. ಅದಕ್ಕೇ ಕುಂತು ಬರೆಯುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಲಿಯಲಿಕ್ಕೆ ಅಂತಾದರೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಹೋಗಿ. ಗಿರಾಕಿಗೆ ತೋರಿಸುವ ಆಲ್ಬಮ್ ಕಟ್ಟಲಿಕ್ಕೆ ಅಂತಾದರೆ ಹೋಗಬೇಡಿ. ಆ ಕೆಲಸಕ್ಕೆ ಇಬ್ಬರು ಸೇರಿ ಒಬ್ಬ ಮಾಡೆಲನ್ನು ಕರೆಸುವುದೇ ನಮ್ಮ ಕಡೆಯವರ ಕೈಗೆ ಎಟುಕುವ ದಾರಿ. ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ.

ಕಣ್ಣಿನ ನಿಮಿಷ

ನನ್ನ ಮೊದಲ ಗ್ರೂಪ್ ಶೂಟ್ ಬೀದರ ಕೋಟೆಯಲ್ಲಿ. ಬೆಳಗಿನ ಮೊದಲ ಬಸ್ಸು ಹಿಡಿದು, 110 ಕಿಲೋಮೀಟರ್ ಕ್ಯಾಮೆರಾ ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೆ. ನಾವು 12 ಜನ. ಕಮಾನಿನ ಕೆಳಗಿಂದ ಮಾಡೆಲ್ ನಡೆದು ಬಂದ ಕೂಡಲೇ 12 ಬಾಯಿ ಒಟ್ಟಿಗೆ ತೆರೆದವು. "ಮೇಡಂ, ಇತ್ಲಾಗ ನೋಡ್ರಿ." "ಅಕ್ಕಾ, ಇಲ್ಲಿ, ಇಲ್ಲಿ." "ಸ್ವಲ್ಪ ನಗ್ರಿ." "ನಗಬ್ಯಾಡ್ರಿ, ಹಂಗೇ ಇರ್ರಿ." ಯಾರ ದನಿ ದೊಡ್ಡದೋ ಅವರ ಕಡೆ ಆ ಹುಡುಗಿ ತಿರುಗುತ್ತಿದ್ದಳು. ನನಗೆ ಕೂಗುವ ರೂಢಿ ಇಲ್ಲ. ಎಡಗಡೆ ಗೋಡೆಗೆ ಬೆನ್ನು ಹಚ್ಚಿ ನಿಂತು ಒತ್ತುತ್ತಲೇ ಹೋದೆ.

ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದರೆ 412 ಫೋಟೊ. ಒಂದೊಂದನ್ನೇ ದೊಡ್ಡದು ಮಾಡಿ ಕಣ್ಣು ನೋಡುತ್ತ ಹೋದೆ. ನನ್ನ ಲೆನ್ಸಿನೊಳಗೆ ಆಕೆ ನೋಡಿದ್ದು 9 ಫೋಟೊದಲ್ಲಿ. ಉಳಿದ ಎಲ್ಲದರಲ್ಲೂ ನೋಟ ನನ್ನಿಂದ ಒಂದು ಗೇಣು ಬಲಕ್ಕೆ, ಪಕ್ಕದವನ ಕ್ಯಾಮೆರಾದ ಮೇಲೆ. ಮುಖ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು, ಫೋಕಸ್ ಕೂಡ ಸರಿಯಾಗಿತ್ತು. ಆದರೆ ಆಡುತ್ತಿದ್ದ ಮಾತು ನನ್ನ ಜೊತೆಗಲ್ಲ. ಪಕ್ಕದ ಮನೆಯವರ ಮಾತನ್ನು ಗೋಡೆಯ ಈಚೆ ನಿಂತು ಕೇಳಿಸಿಕೊಂಡ ಹಾಗಿತ್ತು.

ಅಂದಿನಿಂದ ನಾನು ಯಾವ ಶೂಟನ್ನೂ ಇಡೀ ದಿನಕ್ಕೆ ಎಷ್ಟು ಅಂತ ಅಳೆಯುವುದಿಲ್ಲ. ಮಾಡೆಲ್‌ನ ಗಮನ ಪೂರ್ತಿ ನನ್ನ ಮೇಲೆ ಎಷ್ಟು ನಿಮಿಷ ಇರುತ್ತದೆ, ಆ ನಿಮಿಷಕ್ಕೆ ನಾನು ಎಷ್ಟು ಕೊಡುತ್ತಿದ್ದೇನೆ, ಇದೇ ನನ್ನ ಅಳತೆ. ಕಣ್ಣಿನ ನಿಮಿಷ ಅಂತ ನಾನು ಕರೆಯುತ್ತೇನೆ. ಕೋಟೆ, ಸೀರೆ, ಮೇಕಪ್ ಎಲ್ಲ ನಿಮ್ಮ ಎದುರಿಗೇ ಇದ್ದರೂ ಕಣ್ಣು ನಿಮ್ಮದಾಗದಿದ್ದರೆ ನೀವು ಕೊಂಡದ್ದು ಏನೂ ಇಲ್ಲ.

ಲೆಕ್ಕ ಹೀಗೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಅಂದರೆ 240 ನಿಮಿಷ. ಮೇಕಪ್ ತಡವಾಗಿ 30 ಹೋಗುತ್ತದೆ. ಎರಡು ಸಲ ಸೀರೆ ಬದಲಿಸಲಿಕ್ಕೆ 40, ನಾಷ್ಟಾಕ್ಕೆ 30, ಒಂದು ಮಹಲಿನಿಂದ ಇನ್ನೊಂದಕ್ಕೆ ನಡೆಯಲಿಕ್ಕೆ 20. ಉಳಿದದ್ದು 120. ಒಬ್ಬ ಮಾಡೆಲಿಗೆ ಆರು ಜನ ಅಂದರೆ ತಲೆಗೆ 20 ನಿಮಿಷ. 1,500 ರೂಪಾಯಿಯನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ 75. ಇದು ಸಂಘಟಕರು ಗಡಿಯಾರ ನೋಡಿ ಸರದಿ ನಡೆಸಿದರೆ ಮಾತ್ರ. ನನ್ನ ಮೊದಲ ಶೂಟಿನಲ್ಲಿ ಸರದಿಯೇ ಇರಲಿಲ್ಲ. ನನಗೆ ಸಿಕ್ಕದ್ದು ಎಲ್ಲ ಕೂಡಿ ಐದು ನಿಮಿಷ ಇದ್ದೀತು. ನಿಮಿಷಕ್ಕೆ 300 ಬಿತ್ತು.

ಈಗ ಇಬ್ಬರು ಸೇರಿದ ಲೆಕ್ಕ. ಹೋದ ಚಳಿಗಾಲದಲ್ಲಿ ನಾನು ಮತ್ತು ಶಹಾಬಾದಿನ ಗೆಳೆಯ ಕೂಡಿ ಕೊಟ್ಟದ್ದು ಮಾಡೆಲಿಗೆ 4,000, ಮೇಕಪ್ಪಿಗೆ 1,500, ಓಡಾಟ ಊಟಕ್ಕೆ 500. ಒಟ್ಟು 6,000, ತಲೆಗೆ 3,000. ಮೂರು ತಾಸಿನಲ್ಲಿ ಒಂದು ತಾಸು ಸೀರೆಗೆ, ಚಹಾಕ್ಕೆ ಹೋಯಿತು. ಉಳಿದ ಎರಡು ತಾಸಿನಲ್ಲಿ ಒಬ್ಬೊಬ್ಬರಿಗೆ 60 ನಿಮಿಷ. ನಿಮಿಷಕ್ಕೆ 50 ರೂಪಾಯಿ. ಕೈಯಿಂದ ಹೋದ ರೊಕ್ಕ ಎರಡರಷ್ಟು, ಸಿಕ್ಕ ಹೊತ್ತು ಮೂರರಷ್ಟು. ದರಗಳು ನನ್ನ ವಹಿಯವು, ನಿಮ್ಮ ಊರಿನ ದರ ಹಾಕಿ ನೀವೇ ಭಾಗಿಸಿ ನೋಡಿ.

ಹಾಗಾದರೆ ಗ್ರೂಪ್ ಶೂಟಿನಲ್ಲಿ ಸಿಗುವುದೇನು?

ಬಹಳ ಸಿಗುತ್ತದೆ. ಅದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ.

ನಮ್ಮ ಕಡೆ ಹುಡುಗರು ಕ್ಯಾಮೆರಾ ಕಲಿಯುವುದು ಮದುವೆ ಮನೆಯಲ್ಲಿ. ಅಲ್ಲಿ ಯಾರಿಗೂ ನಿಲ್ಲು, ಕೂಡು ಅಂತ ಹೇಳುವ ಪುರಸೊತ್ತು ಇರುವುದಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಒತ್ತಬೇಕು, ಅಷ್ಟೇ. ಹೀಗಾಗಿ ಹತ್ತು ವರ್ಷ ಮದುವೆ ತೆಗೆದವನಿಗೂ ಒಬ್ಬ ಅಪರಿಚಿತ ಹೆಣ್ಣುಮಗಳ ಎದುರು ನಿಂತು "ಗದ್ದ ಸ್ವಲ್ಪ ಕೆಳಗ ಮಾಡ್ರಿ, ಭುಜ ಆಚಿ ಕಡಿ ತಿರುಗಿಸ್ರಿ" ಅನ್ನಲಿಕ್ಕೆ ನಾಲಿಗೆ ಹೊರಳುವುದಿಲ್ಲ. ನನಗೂ ಹೊರಳುತ್ತಿರಲಿಲ್ಲ. ಗ್ರೂಪ್ ಶೂಟಿನಲ್ಲಿ ಮುಂದೆ ನಿಂತ ಹಿರಿಯರೊಬ್ಬರು ಮಾಡೆಲನ್ನು ಮುಟ್ಟದೆ, ತಾವೇ ಕೈ ಸೊಂಟದ ಮೇಲೆ ಇಟ್ಟು ತೋರಿಸಿ, "ಹಿಂಗ್ ನೋಡ್ರಿ ಮೇಡಂ" ಅಂದರು. ಆಕೆ ಕನ್ನಡಿಯ ಹಾಗೆ ಅದನ್ನೇ ಮಾಡಿದಳು. ಆ ಒಂದು ಪಾಠ ಮುಂದೆ ನನ್ನ ಎಷ್ಟೋ ಮದುಮಕ್ಕಳ ಸಂಕೋಚ ಬಿಡಿಸಿದೆ. 1,500 ರೂಪಾಯಿ ಅವತ್ತೇ ವಸೂಲಾಯಿತು ಅಂತಲೇ ನಾನು ಹೇಳುತ್ತೇನೆ.

ಎರಡನೆಯದು ಸಂಬಂಧ. ಹನ್ನೆರಡು ಜನರ ಫೋನ್ ನಂಬರ್ ಸಿಗುತ್ತದೆ. ಲಗ್ನದ ಸೀಸನ್ನಿನಲ್ಲಿ ಒಂದೇ ಮುಹೂರ್ತಕ್ಕೆ ಮೂರು ಮದುವೆ ಬಂದಾಗ ಎರಡನೇ ಕ್ಯಾಮೆರಾಕ್ಕೆ ಯಾರನ್ನು ಕರೆಯಬೇಕು ಅನ್ನುವ ಚಿಂತೆ ಕಳೆಯುತ್ತದೆ. ನನ್ನ ಈಗಿನ ಸೆಕೆಂಡ್ ಶೂಟರ್ ಸಿಕ್ಕದ್ದು ಅಲ್ಲಿಯೇ, ಹುಮನಾಬಾದಿನ ಹುಡುಗ. ಬ್ಯಾಟರಿ ಮುಗಿದು ನಾನು ಪೇಚಾಡುತ್ತಿದ್ದಾಗ ಕೇಳದೆಯೇ ತನ್ನದು ತೆಗೆದುಕೊಟ್ಟವನು.

ಮೂರನೆಯದನ್ನು ಫೋಟೊಗ್ರಾಫರುಗಳು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಗುರುತಿಲ್ಲದ ಒಬ್ಬ ಗಂಡಸಿನ ಜೊತೆ ಊರ ಹೊರಗಿನ ಗುಮ್ಮಟಕ್ಕೆ ಹೋಗುವುದಕ್ಕಿಂತ ಹತ್ತು ಜನರ ನಡುವೆ ನಿಲ್ಲುವುದು ಹೊಸ ಹುಡುಗಿಗೆ ಧೈರ್ಯ. ನಮ್ಮಂಥ ಊರುಗಳಲ್ಲಿ ಮಾಡೆಲಿಂಗ್ ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿ ಬರುವುದೇ ದೊಡ್ಡ ಮಾತು. ಕ್ಯಾಮೆರಾ ಹಿಡಿಯುವ ಹೆಣ್ಣುಮಕ್ಕಳಿಗೂ ಮೊದಲ ಹೆಜ್ಜೆಗೆ ಗ್ರೂಪೇ ಸುಲಭ.

ಲೈಟು ಯಾರ ಕೈಯಲ್ಲಿ?

ಸೀಟು ಬುಕ್ ಮಾಡುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಫ್ಲ್ಯಾಶ್ ಹಚ್ಚುತ್ತೀರೋ, ಎಲ್‌ಇಡಿ ಹಚ್ಚುತ್ತೀರೋ?

ಫ್ಲ್ಯಾಶ್ ಆದರೆ ಅದನ್ನು ದೂರದಿಂದ ಹೊತ್ತಿಸುವ ಟ್ರಿಗರ್ ಯಾರ ಕ್ಯಾಮೆರಾದ ಮೇಲಿದೆಯೋ ಅವನಿಗೆ ಮಾತ್ರ ಬೆಳಕು. ಉಳಿದವರು ಕಾಯಬೇಕು. ಇಬ್ಬರು ಒಂದೇ ಚಾನಲಿನ ಟ್ರಿಗರ್ ಹಾಕಿ ಹಿಂದುಮುಂದೆ ಒತ್ತಿದರೆ ಎರಡನೆಯವನ ಹೊತ್ತಿಗೆ ಫ್ಲ್ಯಾಶ್ ಚಾರ್ಜ್ ಆಗಿರುವುದಿಲ್ಲ, ಕಪ್ಪು ಫೋಟೊ ಸಿಗುತ್ತದೆ. ಸಿಂಕ್ ಸ್ಪೀಡಿನ, ಅಂದರೆ ಫ್ಲ್ಯಾಶ್ ಜೊತೆ ಹೊಂದುವ ಅತಿ ಹೆಚ್ಚಿನ ಶಟರ್ ವೇಗದ, ಸಮಸ್ಯೆ ಬೇರೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಸೆಕೆಂಡಿನ 200 ಅಥವಾ 250ನೇ ಒಂದು ಭಾಗ. ಗಡಿಬಿಡಿಯಲ್ಲಿ ಅದಕ್ಕಿಂತ ಮೇಲೆ ಏರಿಸಿದರೆ ಫೋಟೊದ ಒಂದು ಅಂಚಿಗೆ ಕರಿ ಪಟ್ಟಿ ಬೀಳುತ್ತದೆ. ಒಬ್ಬರೇ ಇದ್ದಾಗ ಒಂದೇ ನಿಮಿಷದಲ್ಲಿ ಸರಿ ಮಾಡಿಕೊಳ್ಳಬಹುದು. ಹಿಂದೆ ಐದು ಜನ ಸರದಿ ಕಾಯುತ್ತಿದ್ದರೆ ನಿಮ್ಮ ಪಾಲಿನ ಹೊತ್ತೆಲ್ಲ ಆ ಪಟ್ಟಿ ಯಾಕೆ ಬಂತು ಅಂತ ಹುಡುಕುವುದರಲ್ಲೇ ಹೋಗುತ್ತದೆ.

ಎಲ್‌ಇಡಿ ಉರಿಯುತ್ತಲೇ ಇರುವ ಬೆಳಕು, ಎಲ್ಲರಿಗೂ ಒಟ್ಟಿಗೆ ಸಿಗುತ್ತದೆ. ಕಣ್ಣಿಗೆ ಕಂಡದ್ದೇ ಫೋಟೊದಲ್ಲಿ ಬರುವುದರಿಂದ ಹೊಸಬರಿಗೆ ನೆರಳು ಎಲ್ಲಿ ಬೀಳುತ್ತದೆ ಅಂತ ತಿಳಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಆದರೆ ನಮ್ಮ ಬಯಲಿನ ಬಿಸಿಲಿನ ಎದುರು ಸಣ್ಣ ಎಲ್‌ಇಡಿಯ ಆಟ ನಡೆಯುವುದಿಲ್ಲ. ಅದೇನಿದ್ದರೂ ಒಳಾಂಗಣಕ್ಕೆ, ದಟ್ಟ ನೆರಳಿಗೆ. ಹೊರಗೆ ಶೂಟ್, ಎಲ್‌ಇಡಿ ಲೈಟ್ ಅಂತ ಪೋಸ್ಟರಿನಲ್ಲಿ ಬರೆದಿದ್ದರೆ ಆ ಲೈಟು ಬರೀ ಪೋಸ್ಟರಿಗೇ.

ಲೆನ್ಸಿನ ಮಾತೂ ಇಲ್ಲೇ ಮುಗಿಸುತ್ತೇನೆ. ಗುಂಪಿನಲ್ಲಿ ಜೂಮ್ ಇಲ್ಲದ 50 ಅಥವಾ 85 ಎಂಎಂ ಲೆನ್ಸ್ ಹಾಕಿಕೊಂಡು ಹತ್ತಿರ ಹೋದರೆ ಹಿಂದಿನವರ ಚೌಕಟ್ಟಿನಲ್ಲಿ ನಿಮ್ಮ ಬೆನ್ನು ಬರುತ್ತದೆ. 70-200ರ ಜೂಮ್ ಲೆನ್ಸ್ ಇದ್ದವನು ಹಿಂದೆ ನಿಂತು ಎಲ್ಲರ ತಲೆಯ ಮೇಲಿಂದ ತೆಗೆಯುತ್ತಾನೆ. ಬರೀ 50 ಎಂಎಂ ಇರುವವರಿಗೆ, ನಮ್ಮಲ್ಲಿ ಬಹಳ ಮಂದಿಗೆ ಇರುವುದು ಅದೊಂದೇ, ಗುಂಪಿನಲ್ಲಿ ಜಾಗವೇ ಸಿಗುವುದಿಲ್ಲ. ಇಬ್ಬರೇ ಇದ್ದಾಗ ಅದೇ 50 ಎಂಎಂ ಬಂಗಾರದಂಥ ಲೆನ್ಸ್.

"ಇದು ಯಾರ ಮನಿ ಮದಿವಿರಿ?"

ಗ್ರೂಪ್ ಶೂಟಿನ ಫೋಟೊಗಳನ್ನು ಆಲ್ಬಮ್ಮಿಗೆ ಹಾಕಿಕೊಂಡು ನಾನು ಪೆಟ್ಟು ತಿಂದದ್ದು ಹೀಗೆ. ಸ್ಟುಡಿಯೋಕ್ಕೆ ಒಂದು ಕುಟುಂಬ ಬಂದಿತ್ತು, ಮಗನ ಮದುವೆ ಗೊತ್ತಾಗಿತ್ತು. ಹುಡುಗನ ತಾಯಿ ಟ್ಯಾಬ್ ಮೇಲೆ ಬೆರಳಾಡಿಸುತ್ತ ಕಮಾನಿನ ಕೆಳಗೆ ಮದುಮಗಳ ಹಾಗೆ ನಿಂತ ಆ ಮಾಡೆಲ್‌ನ ಫೋಟೊಕ್ಕೆ ಬಂದು ನಿಂತರು. "ಭಾಳ ಚಂದ ಅದ ನೋಡ್ರಿ. ಇದು ಯಾರ ಮನಿ ಮದಿವಿರಿ?" ಮಾಡೆಲ್ ಅಂತ ನಾನು ಹೇಳಲೇಬೇಕಾಯಿತು. ಅವರು ಬೆರಳು ತೆಗೆದು, "ಹಂಗಾದ್ರ ಖರೇ ಮದಿವಿ ತೋರಸ್ರಿ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಆದರೆ ಅದರ ನಂತರ ನಾನು ತೋರಿಸಿದ ಪ್ರತಿ ಫೋಟೊಕ್ಕೂ ಅವರು ಅದೇ ಪ್ರಶ್ನೆ ಕೇಳಿದರು.

ಅದೇ ವಾರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅದೇ ಹುಡುಗಿ, ಅದೇ ಹಸಿರು ಸೀರೆ, ಅದೇ ಕಮಾನು ನಮ್ಮೂರಿನ ಇನ್ನೂ ನಾಲ್ಕು ಸ್ಟುಡಿಯೋಗಳ ಇನ್‌ಸ್ಟಾಗ್ರಾಮಿನಲ್ಲಿ ಇತ್ತು. ಕೋನ ನಾಲ್ಕು ಅಂಗುಲ ಆಚೆ ಈಚೆ, ಅಷ್ಟೇ ವ್ಯತ್ಯಾಸ. ಕಲಬುರಗಿ, ಬೀದರ, ಯಾದಗಿರಿಯಂಥ ಊರುಗಳಲ್ಲಿ ಗಿರಾಕಿ ಮೂರು ಸ್ಟುಡಿಯೋ ನೋಡಿಯೇ ಒಂದಕ್ಕೆ ಅಡ್ವಾನ್ಸ್ ಕೊಡುತ್ತಾನೆ. ಮೂರರಲ್ಲೂ ಒಂದೇ ಮುಖ ಕಂಡರೆ ಯಾರೂ ತೆಗೆದದ್ದಲ್ಲ, ಎಲ್ಲಿಂದಲೋ ಇಳಿಸಿಕೊಂಡದ್ದು ಅಂತ ತಿಳಿಯುತ್ತಾನೆ. ಬೆಂಗಳೂರಿನಂಥ ದೊಡ್ಡ ಊರಿನಲ್ಲಿ ಈ ತೊಂದರೆ ಇಷ್ಟು ಬಾಧಿಸಲಿಕ್ಕಿಲ್ಲ. ನಮ್ಮ ಪೇಟೆ ಸಣ್ಣದು.

ಈಗ ನನ್ನ ಆಲ್ಬಮ್ಮಿನಲ್ಲಿ ಮಾಡೆಲ್ ಫೋಟೊಗಳು ಬೇರೆ ಕಡೆ ಇವೆ, ಮೇಲೆ ಮಾಡೆಲ್ ಶೂಟ್ ಅಂತಲೇ ಬರೆದಿದೆ.

ಇಬ್ಬರು ಸೇರಿದ ದಿನ

ಶಹಾಬಾದಿನ ಗೆಳೆಯನ ಜೊತೆ ಮಾಡಿದ ಶೂಟಿನಲ್ಲಿ ಸಾಮಾನು ಅಂತ ಇದ್ದದ್ದು ಎರಡು ಕ್ಯಾಮೆರಾ, ಬೆಳಕನ್ನು ಮುಖದ ಕಡೆ ತಿರುಗಿಸಲಿಕ್ಕೆ ಒಂದು ದೊಡ್ಡ ಥರ್ಮಾಕೋಲ್ ಹಾಳೆ, ಒಂದು ಹಳೆಯ ಬಿಳಿ ಪಂಜೆ. ಜಾಗ ಗೆಳೆಯನ ಮಾವನ ಹಳೆಯ ಮನೆ, ನೆಲಕ್ಕೆ ಪರ್ಸಿ ಕಲ್ಲು, ನಡುವೆ ತೆರೆದ ಅಂಗಳ. 15 ನಿಮಿಷ ನಾನು ತೆಗೆಯುವುದು, ಅವನು ಥರ್ಮಾಕೋಲ್ ಹಿಡಿಯುವುದು. ಆಮೇಲೆ ಅದಲು ಬದಲು.

ಹೀಗೆ ಹಿಡಿದು ನಿಂತಾಗಲೇ ನಾನು ಹೆಚ್ಚು ಕಲಿತದ್ದು. ಥರ್ಮಾಕೋಲನ್ನು ಎದೆಯ ಮಟ್ಟಕ್ಕೆ ತಂದರೆ ಮಾಡೆಲ್‌ನ ಕಣ್ಣಿನ ಕೆಳಗಿನ ಕಪ್ಪು ಕರಗುತ್ತದೆ, ಮಂಡಿಯ ಮಟ್ಟಕ್ಕೆ ಇಳಿಸಿದರೆ ಗದ್ದದ ಕೆಳಗಿಂದ ಬೆಳಕು ಬಂದು ಮುಖ ವಿಕಾರವಾಗುತ್ತದೆ. ಕ್ಯಾಮೆರಾ ಕೈಯಲ್ಲಿದ್ದಾಗ ಇದು ಕಾಣುವುದಿಲ್ಲ, ಚೌಕಟ್ಟು ಮಾತ್ರ ಕಾಣುತ್ತದೆ.

ಒಂದು ತಾಸು ಕಳೆದ ಮೇಲೆ ಆಕೆಗೆ ನಾವು ಇದ್ದೇವೆ ಅನ್ನುವುದೇ ಮರೆತ ಹಾಗಾಯಿತು. ಕಟ್ಟೆಯ ಮೇಲೆ ಕುಂತು ಬಿಚ್ಚಿದ ಜಡೆಯನ್ನು ಮತ್ತೆ ಹೆಣೆದುಕೊಳ್ಳುತ್ತಿದ್ದಳು, ರಬ್ಬರ್ ಬ್ಯಾಂಡು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ನಾನು "ಹಂಗೇ ಇರ್ರಿ" ಅಂದಾಗ ಕಣ್ಣು ಮಾತ್ರ ಎತ್ತಿ ನನ್ನ ಕಡೆ ನೋಡಿದಳು. ಆ ಫೋಟೊ ಈಗ ಸ್ಟುಡಿಯೋದ ಗೋಡೆಯ ಮೇಲಿದೆ. ಅದನ್ನು ತೋರಿಸಿ "ನನ್ನ ಮಗಳದ್ದು ಹಿಂಗ ತೆಗೀತೀರೇನು?" ಅಂತ ಕೇಳಿ ಮೂರು ಜನ ಬುಕ್ ಮಾಡಿದ್ದಾರೆ. ಹನ್ನೆರಡು ಜನರ ನಡುವೆ ಯಾವ ಹುಡುಗಿಯೂ ರಬ್ಬರ್ ಬ್ಯಾಂಡ್ ಕಚ್ಚಿಕೊಂಡು ಜಡೆ ಹಾಕಿಕೊಳ್ಳುವುದಿಲ್ಲ.

ಜೊತೆಗಾರನನ್ನು ನೋಡಿ ಆರಿಸಿಕೊಳ್ಳಿ. ಸರದಿ ಮುಗಿದ ಮೇಲೂ "ಒಂದೇ ಒಂದು" ಅನ್ನುವವನ ಜೊತೆ ಬೇಡ. ಇಬ್ಬರೂ ಒಂದೇ ಊರಿನಲ್ಲಿ ಅಂಗಡಿ ಇಟ್ಟವರಾದರೆ ಯಾರು ಯಾವ ಸೀರೆಯ ಫೋಟೊ ಹಾಕಿಕೊಳ್ಳುವುದು ಅಂತ ಮೊದಲೇ ಹಂಚಿಕೊಳ್ಳಿ.

ಒಬ್ಬರೇ ಪೂರ್ತಿ ಖರ್ಚು ಹಾಕಿ ಕರೆಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮಿಷದ ದರ ಅದೇ ಬೀಳುತ್ತದೆ, ಕೈಯಿಂದ ಹೋಗುವುದು ಎರಡರಷ್ಟು, ಥರ್ಮಾಕೋಲ್ ಹಿಡಿಯುವವರಿಗೆ ಕೂಲಿ ಬೇರೆ. ಬಟ್ಟೆ ಅಂಗಡಿಯ ಅಥವಾ ಒಡವೆ ಅಂಗಡಿಯ ಕೆಲಸ ಕೈಯಲ್ಲಿದ್ದರೆ ಮಾಡಿ. ಅಭ್ಯಾಸಕ್ಕೆ ಅಂತ ಬೇಡ.

ರೊಕ್ಕ ಇಲ್ಲದ ಒಪ್ಪಂದ, ಮತ್ತು ಒಂದು ಹಾಳೆ

ಕೊಲಾಬ್ ಅಂತ ಎಲ್ಲರೂ ಕರೆಯುವ ಇದು ಅಗ್ಗವೆಂದು ಕಾಣುತ್ತದೆ. ಮಾಡೆಲಿಗೆ ಫೋಟೊ ಬೇಕು, ಮೇಕಪ್ ಮಾಡುವವರಿಗೆ ಫೋಟೊ ಬೇಕು, ನಿಮಗೂ ಬೇಕು, ಯಾರೂ ಯಾರಿಗೂ ರೊಕ್ಕ ಕೊಡುವುದಿಲ್ಲ. ಆದರೆ 15 ಫೋಟೊ ಎಡಿಟ್ ಮಾಡಿ ಕೊಡುತ್ತೇನೆ ಅಂತ ಮಾತು ಕೊಟ್ಟರೆ ನನಗೆ ಅದು ಐದು ತಾಸಿನ ಕೆಲಸ. ಸೀಸನ್ನಿನಲ್ಲಿ ಆ ಐದು ತಾಸು ಸಿಗುವುದಿಲ್ಲ, ಹುಡುಗಿ ಮೆಸೇಜ್ ಮಾಡಿ ಮಾಡಿ ಸಾಕಾಗುತ್ತಾಳೆ. ಕೊಡಲಿಕ್ಕೆ ಆಗುವಷ್ಟನ್ನೇ ಒಪ್ಪಿ, ತಾರೀಖು ಹಾಕಿ.

ಬೀದರಿನಲ್ಲಾದರೆ ಒಂದು ಒಳ್ಳೆಯ ದಾರಿ ಇದೆ. ಬಿದರಿ ಕೆಲಸದ ಅಂಗಡಿಯವರಿಗೆ ತಮ್ಮ ಲಾಕೆಟ್ಟು, ಕಿವಿಯೋಲೆಗಳನ್ನು ಮನುಷ್ಯರ ಮೈಮೇಲೆ ತೋರಿಸುವ ಫೋಟೊ ಬೇಕಿರುತ್ತದೆ. ಅವರು ಒಡವೆ ಕೊಡುತ್ತಾರೆ, ನೀವು ಫೋಟೊ ಕೊಡುತ್ತೀರಿ. ಸತು ಮತ್ತು ತಾಮ್ರದ ಎರಕದ ಮೇಲೆ ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಆ ಒಡವೆಯನ್ನು ತೆಗೆಯುವುದು ಸುಲಭವಲ್ಲ. ಕಪ್ಪು ಬೆಳಕು ನುಂಗುತ್ತದೆ, ಬೆಳ್ಳಿ ಉಗುಳುತ್ತದೆ. ಹತ್ತಿರ ಹಿಡಿದ ದೊಡ್ಡ ಬಿಳಿ ಬಟ್ಟೆಯ ಬೆಳಕಿನಲ್ಲಿ ಮಾತ್ರ ಎರಡೂ ಒಟ್ಟಿಗೆ ನಿಲ್ಲುತ್ತವೆ. ಇದನ್ನು ಕಲಿತವನಿಗೆ ಮದುಮಗಳ ಜರಿ ಸೀರೆ, ಬಂಗಾರ ಯಾವುದೂ ಕಷ್ಟವಾಗುವುದಿಲ್ಲ.

ಯಾವ ದಾರಿಯೇ ಇರಲಿ, ಒಂದು ಹಾಳೆಯ ಮೇಲೆ ಸಹಿ ಇರಲಿ. ಮಾಡೆಲ್‌ನ ಹೆಸರು, ತಾರೀಖು, ಜಾಗ, ಕೊಟ್ಟ ರೊಕ್ಕ ಅಥವಾ ಫೋಟೊ, ಆ ಫೋಟೊಗಳನ್ನು ಎಲ್ಲೆಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು, ಇಷ್ಟು ಸಾಕು. ಕನ್ನಡದಲ್ಲೇ ಬರೆಯಿರಿ. 18 ತುಂಬದವರ ಸಹಿ ಒಪ್ಪಂದಕ್ಕೆ ನಡೆಯುವುದಿಲ್ಲ, ತಂದೆ ತಾಯಿಯದೇ ಬೇಕು. ಫೋಟೊ ಮಾರುವ ಸ್ಟಾಕ್ ಸೈಟುಗಳಲ್ಲಿ ಜಾಹೀರಾತಿನ ಬಳಕೆಗೆ ಮಾರಬೇಕೆಂದರೆ ಮುಖ ಗುರುತು ಸಿಗುವ ಫೋಟೊಕ್ಕೆ ಇಂಥ ಸಹಿ ಇಲ್ಲದೆ ಅವರು ತೆಗೆದುಕೊಳ್ಳುವುದೇ ಇಲ್ಲ.

ಹಕ್ಕಿನ ವಿಷಯದಲ್ಲಿ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಫೋಟೊ ತೆಗೆದವನೇ ಅದರ ಮೊದಲ ಮಾಲೀಕ. ಆದರೆ ಗಿರಾಕಿ ರೊಕ್ಕ ಕೊಟ್ಟು ತೆಗೆಸಿದ ಫೋಟೊಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಗಿರಾಕಿಯೇ ಮಾಲೀಕ. ಅಂದರೆ ಮದುವೆಯ ಫೋಟೊಗಳು ಹಾಳೆಯಲ್ಲಿ ಬರೆದುಕೊಳ್ಳದ ಹೊರತು ನಿಮ್ಮವಲ್ಲ, ಗ್ರೂಪ್ ಶೂಟಿನಲ್ಲಿ ನೀವು ತೆಗೆದವು ನಿಮ್ಮವು. ಹಾಗಂತ ಆ ಹುಡುಗಿಯ ಮುಖವನ್ನು ಯಾವುದೋ ಅಂಗಡಿಯ ಬ್ಯಾನರಿಗೆ ಕೊಡಬಹುದು ಅಂತಲ್ಲ. ಅದಕ್ಕೆ ಆಕೆಯ ಒಪ್ಪಿಗೆ ಬೇಕೇ ಬೇಕು.

ನನ್ನ ಮೂರನೇ ಗ್ರೂಪ್ ಶೂಟಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮಾಡೆಲ್ ಮೆಟ್ಟಿಲ ಮೇಲೆ ಕುಂತು ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಆಕೆಯ ತಾಯಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ರೊಟ್ಟಿಯ ಡಬ್ಬಿ. ನೀರು ಕೊಡಲಿಕ್ಕೆ ಹೋದಾಗ ಆ ತಾಯಿ ಕೇಳಿದರು: "ಹೋದ ಸಲ ಹತ್ತ್ ಮಂದಿ ತೆಗದ್ರಪ್ಪ, ಇಬ್ರೇ ಫೋಟೊ ಕಳಿಸ್ಯಾರ. ನೀ ಆದ್ರೂ ಕಳಸ್ತೀ ಏನು?" ಅಂದು ರಾತ್ರಿಯೇ ಕಳಿಸಿದೆ. ಗ್ರೂಪ್ ಶೂಟಿಗೆ ಹೋಗುವವರು ದಯವಿಟ್ಟು ಐದು ಫೋಟೊ ಆದರೂ ಕಳಿಸಿ. ನಾಲ್ಕು ತಾಸು ಬಿಸಿಲಿನಲ್ಲಿ ನಿಂತವರು ಅವರು.

ಕೋಟೆಯೋ, ಹೊಲವೋ?

ಬೀದರ ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗಾವಾನ್ ಮದರಸಾ, ಅಷ್ಟೂರಿನ ಬಹಮನಿ ಗುಮ್ಮಟಗಳು, ಕಲಬುರಗಿ ಕೋಟೆ ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿವೆ. ಕೈಯಲ್ಲಿ ಹಿಡಿದು ತೆಗೆಯುವುದು ಬೇರೆ, ಟ್ರೈಪಾಡ್, ಲೈಟ್ ಸ್ಟ್ಯಾಂಡ್ ನಿಲ್ಲಿಸಿ ಶೂಟ್ ಮಾಡುವುದು ಬೇರೆ. ಎರಡನೆಯದಕ್ಕೆ ಮುಂಚಿತವಾಗಿ ಅನುಮತಿ ಪಡೆದಿರಬೇಕು. ನಾನು ಹೋದ ಒಂದು ಶೂಟಿನಲ್ಲಿ ಸಂಘಟಕರ ಹತ್ತಿರ ಕಾಗದ ಇರಲಿಲ್ಲ. ಗೇಟಿನಲ್ಲೇ ಸ್ಟ್ಯಾಂಡುಗಳು ಉಳಿದವು, ರೊಕ್ಕ ತಿರುಗಿ ಬರಲಿಲ್ಲ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಅನುಮತಿ ಇಲ್ಲದೆ ಡ್ರೋನ್ ಎತ್ತುವ ಮಾತೇ ಬೇಡ. ಇನ್ನು ದರ್ಗಾ, ಮಸೀದಿ, ಗುಡಿಗಳ ಅಂಗಳದಲ್ಲಿ ಮಾಡೆಲ್ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಜನ ಹರಕೆ ಹೊತ್ತು ಬರುವ ಜಾಗದಲ್ಲಿ ನಮ್ಮ ಕೂಗಾಟ ಸಲ್ಲದು.

ಬೆಳಕಿನ ಮಾತು. ಬೀದರಿನ ಕೆಂಪು ಜಂಬಿಟ್ಟಿಗೆಯ ಗೋಡೆ ಬಿಸಿಲನ್ನು ಕೆಂಪಾಗಿ ತಿರುಗಿ ಎಸೆಯುತ್ತದೆ. ಗೋಡೆಯ ಹತ್ತಿರ ನಿಲ್ಲಿಸಿದರೆ ಕೆನ್ನೆಯ ಒಂದು ಬದಿ ಮಣ್ಣಿನ ಬಣ್ಣಕ್ಕೆ ಬರುತ್ತದೆ, ಎಡಿಟಿಂಗಿನಲ್ಲಿ ಅದನ್ನು ತೆಗೆಯುವುದು ತಲೆನೋವು. ಎರಡು ಮಾರು ಮುಂದೆ ನಿಲ್ಲಿಸಿ. ಬೇಸಿಗೆಯ ಗ್ರೂಪ್ ಶೂಟಿಗೆ ರೊಕ್ಕ ಹಾಕಲೇಬೇಡಿ. ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ಇರುತ್ತಾನೆ, 40 ಡಿಗ್ರಿ ದಾಟಿದ ಸೆಕೆಯಲ್ಲಿ ಮೇಕಪ್ ಅರ್ಧ ತಾಸೂ ನಿಲ್ಲುವುದಿಲ್ಲ, ಕಣ್ಣುಗುಳಿಗಳು ಕಪ್ಪಗೆ ಬೀಳುತ್ತವೆ. ಗ್ರೂಪ್ ಶೂಟುಗಳು 9ಕ್ಕೆ ಅಂದು 10ಕ್ಕೆ ಶುರುವಾಗುತ್ತವೆ, ಒಳ್ಳೆಯ ಬೆಳಕು ಅಷ್ಟರಲ್ಲಿ ಹೋಗಿರುತ್ತದೆ. ಇಬ್ಬರೇ ಆದರೆ ಆರೂವರೆಗೇ ಹೊಲದಲ್ಲಿ ಇರಬಹುದು.

ಹೌದು, ಹೊಲ. ಕೋಟೆಯ ಕಮಾನು ಎಲ್ಲರ ಹತ್ತಿರ ಇದೆ. ಹೂ ಬಿಟ್ಟ ತೊಗರಿ, ಅರಳಿದ ಕುಸುಬಿ, ಹಾಲ್ದೆನೆಯ ಜೋಳ ಇವು ನಮ್ಮ ಮೂರು ಜಿಲ್ಲೆಗಳ ಮನೆ ಮುಂದೆಯೇ ಇವೆ, ಇವುಗಳ ಎದುರು ತೆಗೆದ ಒಳ್ಳೆಯ ಫೋಟೊಗಳು ಬಹಳ ಕಡಿಮೆ. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು ಚರಗ ಚೆಲ್ಲಲಿಕ್ಕೆ ಹೊಲಕ್ಕೆ ಹೋಗುತ್ತಾರಲ್ಲ, ಅಂದು ನಿಮ್ಮ ಅಕ್ಕತಂಗಿಯರನ್ನು, ಅತ್ತಿಗೆಯನ್ನು ಕೇಳಿ ನಿಲ್ಲಿಸಿ ತೆಗೆಯಿರಿ. ಖರ್ಚಿಲ್ಲ, ಕಣ್ಣಿನ ನಿಮಿಷ ಬೇಕಾದಷ್ಟು, ಯಾರ ಮನೆಯವರು ಅಂತ ಕೇಳಿದರೆ ನಮ್ಮ ಮನೆಯವರು ಅನ್ನಬಹುದು. ಅಪರಿಚಿತರ ಎದುರು ಸಂಕೋಚ ಇರುವವರು ಇಲ್ಲಿಂದಲೇ ಶುರು ಮಾಡಲಿ.

ಮೊನ್ನೆ ಫೋನ್ ಮಾಡಿದ ಸೇಡಂನ ಹುಡುಗನಿಗೆ ಸಂಘಟಕರನ್ನು ನಾಲ್ಕು ಮಾತು ಕೇಳು ಅಂದೆ. ಒಬ್ಬ ಮಾಡೆಲಿಗೆ ಎಷ್ಟು ಜನ, ಸರದಿಗೆ ಗಡಿಯಾರ ಇಡುತ್ತೀರೋ ಇಲ್ಲವೋ, ಇಲಾಖೆಯ ಅನುಮತಿಯ ಕಾಗದ ಇದೆಯೋ, ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರತಿ ನಮಗೆ ಸಿಗುತ್ತದೋ. ಒಬ್ಬ ಮಾಡೆಲಿಗೆ ನಾಲ್ಕು ಜನಕ್ಕಿಂತ ಹೆಚ್ಚು ಅಂದರೆ ಬಿಟ್ಟುಬಿಡು ಅಂದೆ. ಬಟ್ಟೆ ಬದಲಿಸಲಿಕ್ಕೆ ಮುಚ್ಚಿದ ಜಾಗ ಎಲ್ಲಿದೆ, ಜೊತೆಗೆ ಮನೆಯವರನ್ನು ಕರೆತರಬಹುದೇ ಅಂತ ಆ ಹುಡುಗಿಯ ಪರವಾಗಿಯೂ ಕೇಳು ಅಂದೆ. ಸರಿಯಾಗಿ ನಡೆಸುವವರು ಇದಕ್ಕೆಲ್ಲ ಬೇಸರ ಮಾಡಿಕೊಳ್ಳದೆ ಉತ್ತರ ಕೊಡುತ್ತಾರೆ.

ಸಂಜೆ ಅವನು ತಿರುಗಿ ಫೋನ್ ಮಾಡಿದ. ಮೊದಲ ಪ್ರಶ್ನೆಗೇ ಆರು ಜನ ಅಂದರಂತೆ, ಉಳಿದವಕ್ಕೆ ಆಮೇಲೆ ಹೇಳುತ್ತೇವೆ ಅಂದರಂತೆ. ಈಗ ಅವನೂ ಚಿತ್ತಾಪುರದ ಅವನ ಗೆಳೆಯನೂ ಕೂಡಿ ತೊಗರಿ ಹೂ ಬಿಡುವ ಹೊತ್ತಿಗೆ ಒಬ್ಬ ಮಾಡೆಲನ್ನು ಕರೆಸುವುದು ಅಂತ ಆಗಿದೆ. ಥರ್ಮಾಕೋಲ್ ಹಿಡಿಯಲಿಕ್ಕೆ ನಾನೇ ಬರ್ತೀನಿ ಅಂದಿದ್ದೇನೆ.